ಸಕ್ಕರಿ ಓದಿಸುವ ಊರು

ನಮ್ಮ ಗೋಗಿಯಲ್ಲಿ ಸಕ್ಕರೆಯನ್ನೂ ಓದಿಸುತ್ತಾರೆ. ಬೆಂಗಳೂರಿನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕೂಸಿನ ಜ್ವರ ಬಿಟ್ಟರೆ, ಎಮ್ಮೆ ಸಲೀಸಾಗಿ ಈದರೆ, ಮಗ ಪಿಯುಸಿ ಪಾಸಾದರೆ ನಮ್ಮವ್ವ ಪಾವು ಕಿಲೋ ಸಕ್ಕರೆ, ಒಂದು ಕಟ್ಟು ಊದಿನಕಡ್ಡಿ ಹಿಡಿದು ಚಂದಾ ಹುಸೇನಿ ದರ್ಗಾಕ್ಕೆ ಹೋಗುತ್ತಾಳೆ. ಮುಜಾವರರು ಪೊಟ್ಟಣ ಬಿಚ್ಚಿ ಮುಂದಿಟ್ಟುಕೊಂಡು, ಕಣ್ಣು ಅರೆಮುಚ್ಚಿ ಫಾತಿಹಾ ಹೇಳುತ್ತಾರೆ. ಎದುರಿಗೆ ಪುಸ್ತಕ ಇಲ್ಲ, ಹಾಳೆ ಇಲ್ಲ, ಸಕ್ಕರೆ ಅಷ್ಟೇ. ಒಂದು ಚಿಟಿಕೆ ತೆಗೆದಿಟ್ಟು ಉಳಿದದ್ದನ್ನು ಮಡಚಿ ವಾಪಸ್ ಕೊಡುತ್ತಾರೆ. ಅವ್ವ ಮನೆಗೆ ಬಂದು, "ಸಕ್ಕರಿ ಓದಿಸ್ಕೊಂಡ್ ಬಂದೀನಿ, ಬಾಯಾಗ ಹಾಕ್ಕೋ" ಎನ್ನುತ್ತಾಳೆ.

ಅವ್ವನಿಗೆ ಓದಲು ಬರುವುದಿಲ್ಲ. ಓದಿಸಲು ಬರುತ್ತದೆ.

ನಾನು ಕಲಬುರಗಿಯಲ್ಲಿ ಎಂ.ಎ. ಇತಿಹಾಸದ ವಿದ್ಯಾರ್ಥಿ. ಈ ಸಲ ಸೆಮಿನಾರಿಗೆ ನನ್ನ ಪಾಲಿಗೆ ಬಂದ ವಿಷಯ ಓದಿನ ಇತಿಹಾಸ. ಅರ್ಜೆಂಟೀನಾದಲ್ಲಿ ಹುಟ್ಟಿದ ಅಲ್ಬರ್ಟೊ ಮ್ಯಾಂಗ್ವೆಲ್ 1996ರಲ್ಲಿ ಇದೇ ಹೆಸರಿನ ದಪ್ಪ ಪುಸ್ತಕವೊಂದನ್ನು ಬರೆದಿದ್ದಾನೆ. ಅದರಲ್ಲಿ ಎಲ್ಲರೂ ಎತ್ತಿ ಹೇಳುವ ಪ್ರಸಂಗ ಒಂದಿದೆ. 4ನೇ ಶತಮಾನದ ಕೊನೆಗೆ ಮಿಲಾನ್ ನಗರದಲ್ಲಿ ಬಿಷಪ್ ಆಂಬ್ರೋಸ್ ಬಾಯಿ ತೆರೆಯದೆ, ಬರೀ ಕಣ್ಣಿನಿಂದ ಓದುವುದನ್ನು ಸಂತ ಅಗಸ್ಟೀನ್ ನೋಡಿದ. ಅದು ಅವನಿಗೆ ಬರೆದಿಡಬೇಕು ಅನ್ನಿಸುವಷ್ಟು ಹೊಸದಾಗಿ ಕಂಡಿತು. ತರಗತಿಯಲ್ಲಿ ಎಲ್ಲರೂ ಹೌಹಾರಿದರು. ನನಗೆ ಮಾತ್ರ ನಮ್ಮ ಆಯಿ ನೆನಪಾದಳು. ಕಟ್ಟೆಯ ಮೇಲೆ ಪುಸ್ತಕ ಹಿಡಿದು ತೆಪ್ಪಗೆ ಕುಳಿತರೆ ಒಳಗಿನಿಂದ ಕೂಗುತ್ತಿದ್ದಳು: "ಸುಮ್ಕ ಯಾಕ ಕುಂತೀಯೋ, ಓದು!" ಸಪ್ಪಳ ಕೇಳಿಸದಿದ್ದರೆ ಅವಳ ಲೆಕ್ಕದಲ್ಲಿ ಅದು ಓದಲ್ಲ, ಸೋಮಾರಿತನ.

ನಕಾಶೆಯ ಗಡಿ ನಮಗೆ ಗುರುಮಠಕಲ್ಲಿನ ಆಚೆ, ತೆಲಂಗಾಣದ ಕಡೆ. ಗೋಗಿಯೊಳಗಿನ ಗಡಿ ಬೇರೆ. ಅದು ಕನ್ನಡಕ್ಕೂ ಇಲ್ಲಿಯ ಆಡುಮಾತಿನ ಉರ್ದುವಾದ ದಖನಿಗೂ ನಡುವಿನದು, ಅದನ್ನು ದಿನಕ್ಕೆ ನೂರು ಸಲ ದಾಟುತ್ತೇವೆ. ಚಹಾ ಹೇಳುವುದು ಒಂದು ಭಾಷೆಯಲ್ಲಿ, ಚಿಲ್ಲರೆ ಕೇಳುವುದು ಇನ್ನೊಂದರಲ್ಲಿ. ರಜೆಗೆ ಬಂದರೆ ಎದುರು ಮನೆಯ ಖಾಲಾ, "ಕ್ಯಾ ಪಡ್ರಾ ರೇ?" ಎಂದು ವಿಚಾರಿಸುತ್ತಾಳೆ. ಪಕ್ಕದ ಮನೆಯ ಕಾಕಾ, "ಏನ್ ಓದ್ಲಾಕತ್ತೀಪಾ?" ಅನ್ನುತ್ತಾನೆ. ಇಬ್ಬರ ಪ್ರಶ್ನೆಯೂ ಒಂದೇ. ಪುಸ್ತಕ ಓದುವುದು, ಸಾಲಿ ಕಲಿಯುವುದು, ದನಿಯೆತ್ತಿ ಪಠಿಸುವುದು ಇವೆಲ್ಲ ಎರಡೂ ಭಾಷೆಗಳಲ್ಲಿ ಒಂದೇ ಕ್ರಿಯಾಪದದಲ್ಲಿ ಅಡಗಿವೆ. ದಖನಿಯಲ್ಲಿ ನಮಾಜನ್ನೂ ‘ಪಡ್ನಾ’ ಎನ್ನುತ್ತಾರೆ. ಇನ್ನೊಂದು ತಮಾಷೆ. ಓದು, ಬರಹ, ಓಲೆ, ಗರಿ ಎಲ್ಲ ನಮ್ಮ ಹಳೆಯ ಆಸ್ತಿ. ಕಾಗದ, ಶಾಯಿ, ದೌತಿ, ಅರ್ಜಿ, ರಸೀದಿ, ದಸ್ತಾವೇಜು ಮಾತ್ರ ಆ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದವು. ಶುದ್ಧ ಕನ್ನಡದವರು ಇವನ್ನು ಹೊರಗೆ ಹಾಕುತ್ತೇವೆಂದು ಹೊರಟರೆ ತಹಶೀಲ್ ಕಚೇರಿಗೆ ಅವತ್ತೇ ಬೀಗ ಬೀಳುತ್ತದೆ.

ಈಗ ನಮ್ಮ ಮನೆಯ ಕಾಗದದ ಕತೆಗೆ ಬರುತ್ತೇನೆ.

ಮುತ್ಯಾನ ತಗಡಿನ ಟ್ರಂಕಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಹಾಳೆ ಇತ್ತು. ಅಂಚು ಹರಿದಿದೆ, ಮಡಿಕೆ ಬಿದ್ದಲ್ಲೆಲ್ಲ ತೂತು. ಮೇಲಿನಿಂದ ಕೆಳಗಿನವರೆಗೆ ಉರ್ದು, ಅದೂ ಇರುವೆ ಸಾಲು ಚದುರಿದ ಹಾಗೆ. ಕೆಳಗೆ ಎಡಗಡೆ ಮುತ್ಯಾನ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಸಾಕ್ಷಿದಾರನೊಬ್ಬ ಡೊಂಕು ಡೊಂಕಾಗಿ ಹಾಕಿದ ಕನ್ನಡದ ರುಜು. ಮನೆಮಂದಿಯಲ್ಲಿ ಯಾರಿಗಾದರೂ ಓದಲು ಬರುತ್ತಿದ್ದದ್ದು ಅದೊಂದೇ. ಬಹಳ ವರ್ಷಗಳ ಹಿಂದೆ ಅಪ್ಪ ಅದನ್ನು ಒಂದು ಕಚೇರಿಯ ಮುಂದೆ ಕೂರುವ ಬರಹಗಾರನಿಗೆ ತೋರಿಸಿದ್ದನಂತೆ. ಆತ ಹತ್ತು ರೂಪಾಯಿ ತೆಗೆದುಕೊಂಡು, ಹಾಳೆಯನ್ನು ಹಿಂದೆ ಮುಂದೆ ತಿರುವಿ, "ಹೊಲದ ಕಾಗದ ಐತಿ, ಜ್ವಾಕಿ ಇಟ್ಕೋ" ಎಂದು ಕಳಿಸಿದನಂತೆ. ಅಂದಿನಿಂದ ದೀಪಾವಳಿಯ ಲಕ್ಷ್ಮಿ ಪೂಜೆಗೆ ಟ್ರಂಕಿನಿಂದ ಅದು ಹೊರಗೆ ಬರಬೇಕು. ಕುಂಕುಮ ಹಚ್ಚಿ, ಎರಡು ಅಕ್ಷತೆ ಹಾಕಿ, ಆರತಿ ಬೆಳಗಿ ಮತ್ತೆ ಒಳಗಿಡಬೇಕು. ಹಳ್ಳದ ದಂಡೆಯ ನಾಲ್ಕೆಕರೆ ಯಾವತ್ತೋ ಕೈಬಿಟ್ಟುಹೋಗಿದೆ ಎಂಬ ಮಾತು ಮನೆಯಲ್ಲಿತ್ತು. ಅದು ಈ ಕಾಗದದಲ್ಲಿದೆ ಎಂಬ ನಂಬಿಕೆಯೂ ಬೆಳೆಯಿತು.

ಸನ್ನತಿಯ ಕಲ್ಲನ್ನು ನೋಡಿ ಬಂದ ಮೇಲೆ ನನಗೆ ಆ ಕುಂಕುಮದ ಬಗ್ಗೆ ಅನುಮಾನ ಶುರುವಾಯಿತು. ಸನ್ನತಿ ನಮಗೆ ದೂರವೇನಲ್ಲ, ಭೀಮೆಯ ದಂಡೆಯ ಊರು, ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರ ಕಂಡವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ! ಅದನ್ನು ಪೀಠ ಮಾಡಿದವರು ಮೂರ್ತಿ ಕೂರಿಸಲು ನಟ್ಟನಡುವೆ ಚೌಕಾಕಾರದ ತೂತು ಕೊರೆದಿದ್ದರು. ಆ ಜಾಗದ ಸಾಲುಗಳು ಹೋದವು. ಅವರಿಗೆ ದುರುದ್ದೇಶ ಇರಲಿಲ್ಲ. ಅವರ ಕಾಲಕ್ಕೆ ಅದು ಯಾರೂ ಓದಲಾರದ ಗೀಟುಗಳು, ಕಲ್ಲು ಗಟ್ಟಿಯಾಗಿತ್ತು, ಅಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಕಳಿಂಗದ ಧೌಲಿ, ಜೌಗಡಗಳಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳು ಎಂಬುವು ಈ ಕಲ್ಲಿನ ಮೇಲೂ ಇವೆ. ಅವುಗಳಲ್ಲಿ ಅಶೋಕ ಒಂದು ಏರ್ಪಾಡು ಹೇಳುತ್ತಾನೆ: ತಿಷ್ಯ ನಕ್ಷತ್ರದ ದಿನ, ಅಂದರೆ ನಮ್ಮ ಪುಷ್ಯದ ದಿನ, ಇದನ್ನು ಜನರಿಗೆ ಕೇಳಿಸಬೇಕು, ನಡುವೆ ಒಬ್ಬನೇ ಒಬ್ಬ ಕೇಳಬಯಸಿದರೂ ಕೇಳಿಸಬಹುದು. ಚಕ್ರವರ್ತಿಗೆ ಗೊತ್ತಿತ್ತು, ಹೊಲದಿಂದ ಬರುವವನು ಕಲ್ಲಿನ ಮುಂದೆ ನಿಂತು ಓದುವುದಿಲ್ಲ. ಯಾರೋ ಓದಬೇಕು, ಇವನು ಕೇಳಬೇಕು. 2,200 ವರ್ಷದ ಹಿಂದೆಯೂ ನಮ್ಮ ಸೀಮೆಯಲ್ಲಿ ನಡೆದದ್ದು ಓದಿಸುವ ಕೆಲಸವೇ.

ಕಳೆದ ಬೇಸಿಗೆ ರಜೆಯಲ್ಲಿ ಕುಂಕುಮ ಒರೆಸಿ ಹಾಳೆಯನ್ನು ಮಾಸ್ತರ್ ಸಾಬರ ಹತ್ತಿರ ಒಯ್ದೆ. ಅವರು ನಿವೃತ್ತ ಉರ್ದು ಶಿಕ್ಷಕರು, ಎಂಬತ್ತೈದು ದಾಟಿದೆ. "ಇಧರ್ ಲಾ ಬಾ" ಎಂದು ಕೈಚಾಚಿದರು. ಕನ್ನಡಕ ಒರೆಸಿ, ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಗಟ್ಟಿಯಾಗಿ ಓದಿದರು. ಒಂದು ಸಾಲು ಉರ್ದುವಿನಲ್ಲಿ, ನಿಲ್ಲುವುದು, ಅದರ ಅರ್ಥ ಕನ್ನಡದಲ್ಲಿ. ಅರ್ಧಕ್ಕೆ ಬಂದವರು ನನ್ನ ಮುಖ ನೋಡಿದರು.

"ಹೊಲದ್ದಲ್ಲ ಬಿಡಪಾ ಇದು. ಎತ್ತಿಂದು."

ಫಸಲಿ 1353, ಅಂದರೆ 1943-44. ಮುತ್ಯಾ ಒಂದು ಜೋಡಿ ಎತ್ತಿಗೆ ಸರ್ಕಾರದಿಂದ ತಕಾವಿ ಸಾಲ ಎತ್ತಿದ್ದ. ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಎಂಬತ್ತು ರೂಪಾಯಿ. ಅದು ಪೂರ್ತಿ ಮುಟ್ಟಿದೆ, ಬಾಕಿ ಏನೂ ಇಲ್ಲ ಎಂಬುದಕ್ಕೆ ಕೊಟ್ಟ ರಸೀದಿ. ನಾವು ಇಷ್ಟು ವರ್ಷ ಆರತಿ ಬೆಳಗಿದ್ದು ತೀರಿದ ಸಾಲಕ್ಕೆ. ನಾಲ್ಕೆಕರೆ ಅಲ್ಲಿಗೆ ಮುಗಿಯಿತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಮುತ್ಯಾ ಸಾಲ ಇಟ್ಟು ಹೋಗಿಲ್ಲಂದ್ರ ಅದೇನು ಕಡಿಮಿ ಆತೇನು" ಎಂದ.

ಮುತ್ಯಾನ ರಸೀದಿ ಉರ್ದುವಿನಲ್ಲೇ ಯಾಕಿತ್ತು? ನಿಜಾಮರ ಸರ್ಕಾರ 1884ರಲ್ಲಿ ಕಚೇರಿಯ ಭಾಷೆಯನ್ನು ಪರ್ಷಿಯನ್ನಿನಿಂದ ಉರ್ದುವಿಗೆ ಬದಲಿಸಿತ್ತು. 1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದಲ್ಲೇ ಶುರುವಾಯಿತು. ಮನೆಯಲ್ಲಿ ಕನ್ನಡ ಮಾತಾಡಿದವನು ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆ ಎಂದು ಇನ್ನೊಬ್ಬರನ್ನು ಕೇಳಬೇಕಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು, ಕಾಗದ ಕನ್ನಡಕ್ಕೆ ಬಂತು. ಹೆಬ್ಬೆಟ್ಟು ಅಷ್ಟು ಬೇಗ ಹೋಗಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಇಡೀ ರಾಜ್ಯದಲ್ಲೇ ಕಡೆಯ ಸ್ಥಾನ.

ಮಾಸ್ತರ್ ಸಾಬರ ಮನೆಯಿಂದ ಬರುವಾಗ ದರ್ಗಾದ ಅಂಗಳದಲ್ಲಿ ಕುಳಿತೆ. ಬಿಜಾಪುರದ ಮೊದಲ ಆದಿಲ್‌ಶಾಹಿಗಳು, ಯೂಸುಫ್, ಇಸ್ಮಾಯಿಲ್, ಒಂದನೇ ಇಬ್ರಾಹಿಂ, ಎಲ್ಲರೂ ಮಲಗಿರುವುದು ಗೋಗಿಯಲ್ಲೇ. ಪತ್ರಿಕೆಯಲ್ಲಿ ಗೋಗಿಯ ಹೆಸರು ಬಂದರೆ ಅದು ಯುರೇನಿಯಂ ಸುದ್ದಿ ಎಂದು ಅಭ್ಯಾಸವಾಗಿದೆ, ಈ ಗೋರಿಗಳ ಕಡೆ ಯಾರೂ ತಿರುಗುವುದಿಲ್ಲ. 1534ರಿಂದ 1558ರವರೆಗೆ ಆಳಿದ ಇಬ್ರಾಹಿಂ ಸರ್ಕಾರಿ ಲೆಕ್ಕಪತ್ರವನ್ನು ಪರ್ಷಿಯನ್ನಿನಿಂದ ಬಿಡಿಸಿ ಹಿಂದವಿಗೆ ತಂದ, ಇಲ್ಲಿಯ ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ ಎಂದು ಬಿಜಾಪುರದಲ್ಲೇ ಕುಳಿತು ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ಆ ಹಿಂದವಿ ಎಂದರೆ ದಖನಿಯೋ ಮರಾಠಿಯೋ ಎಂದು ವಿದ್ವಾಂಸರು ಜಗ್ಗಾಡಲಿ. ಓದುವವರ ಸಂಖ್ಯೆ ಒಂದು ಹುಕುಮಿನಿಂದ ಹೆಚ್ಚಿಸಬಹುದು ಎಂದು ತೋರಿಸಿದ ದೊರೆ ನಮ್ಮೂರ ಮಣ್ಣಿನಲ್ಲಿದ್ದಾನೆ ಎಂಬುದು ನನಗೆ ದೊಡ್ಡದು. ಓದು ಬಾರದವರ ಕಡೆ ಸೂಫಿಗಳೂ ನೋಡಿದರು. ಬೀಸುವ ಹೆಂಗಸರಿಗೆಂದು ದಖನಿಯಲ್ಲಿ ಚಕ್ಕಿನಾಮಾ ಕಟ್ಟಿದರು. ಬೀಸುಕಲ್ಲಿಗೆ ಭಾಷಾಭೇದ ಗೊತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧದ್ದೂ ಈ ಸೀಮೆಯಲ್ಲೇ ಇದೆ. ಕೊಡೇಕಲ್ ಬಸವಣ್ಣನ ಪರಂಪರೆಯವರು ‘ಅಮರಗನ್ನಡ’ ಎಂಬ ಬೇರೆಯದೇ ಲಿಪಿಯಲ್ಲಿ ಬರೆದಿಟ್ಟರು. ಭಾಷೆ ಕನ್ನಡವೇ, ಆದರೆ ಲಿಪಿ ಗೊತ್ತಿಲ್ಲದ ಕನ್ನಡಿಗ ಅದರ ಮುಂದೆ ನಮ್ಮಪ್ಪನ ಹಾಗೆ ನಿಲ್ಲಬೇಕು.

ಮರುದಿನ ಮಾಸ್ತರ್ ಸಾಬರೇ ಕರೆಕಳಿಸಿದರು. ಮೊಬೈಲಿಗೆ ಬ್ಯಾಂಕಿನಿಂದ ಕನ್ನಡದಲ್ಲೊಂದು ಸಂದೇಶ ಬಂದಿತ್ತು. "ನಂದು ಕನ್ನಡ ಬಾಯಿಂದು, ಕಣ್ಣಿಂದಲ್ಲ. ಓದಿ ಹೇಳು" ಎಂದರು. ನನ್ನ ದಖನಿಯೂ ಬಾಯಿಯದ್ದೇ. ನಮ್ಮ ಊರಲ್ಲಿ ಬಹುಪಾಲು ಮಂದಿಯದು ಹೀಗೆಯೇ, ಬಾಯಿಗೆ ಎರಡು ಭಾಷೆ, ಕಣ್ಣಿಗೆ ಒಂದು ಅಥವಾ ಸೊನ್ನೆ. ಅವರ ಮೊಮ್ಮಗಳು ಇಂಗ್ಲಿಷ್ ಮೀಡಿಯಂ. ಖುರಾನಿನ ಅರಬ್ಬಿ ಸರಾಗ ಓದುತ್ತಾಳೆ, ಅಚ್ಚಿನ ಉರ್ದು ತಡೆತಡೆದು ಓದುತ್ತಾಳೆ. ನಮ್ಮ ರಸೀದಿ ಕೊಟ್ಟರೆ ನಕ್ಕು ತಾತನ ಕಡೆಗೆ ದಾಟಿಸಿದಳು. ಹಳೆಯ ಕಚೇರಿಯ ಕೈಬರಹಕ್ಕೆ ಶಿಕಸ್ತಾ ಎನ್ನುತ್ತಾರೆ, ಮುರಿದದ್ದು ಎಂದು ಅರ್ಥ. ಅಚ್ಚಿನ ಉರ್ದು ಬಂದವರಿಗೆಲ್ಲ ಅದು ಬರುವುದಿಲ್ಲ. ಗೋಗಿಯಲ್ಲಿ ಅದನ್ನು ಓದಬಲ್ಲವರೆಂದು ನನಗೆ ತಿಳಿದವರು ಇಬ್ಬರು, ಅದರಲ್ಲಿ ಒಬ್ಬರಿಗೆ ಈಗ ಕಣ್ಣಿನ ಪೊರೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಬಟ್ಟೆ ಸುತ್ತಿದ ಅಂಥದೊಂದು ಕಾಗದ ಇದ್ದರೆ ಮುಂದಿನ ದೀಪಾವಳಿಯವರೆಗೆ ಕಾಯಬೇಡಿ. ಕುಂಕುಮ ಒರೆಸಿ, ಈ ವಾರವೇ ಓದಿಸಿ.