ಮಣಿಕಟ್ಟಿನ ದಾರಿ

2023ನೆಯ ಇಸವಿಯ ಕಾರ್ತಿಕಮಾಸದಲ್ಲಿ ಒಂದು ದಿವಸ ಬೆಳಗಿನ ಜಾವ ನನಗೆ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ನೋವೆಂಬ ಮಾತು ಅದಕ್ಕೆ ಸರಿಯಾಗಿ ಹೊಂದುವುದಿಲ್ಲ. ಎದೆಯ ಮೇಲೆ ಒನಕೆಯನ್ನು ಅಡ್ಡಲಾಗಿ ಇರಿಸಿ, ಅದರ ಮೇಲೆ ಯಾರೋ ಕುಳಿತಿರುವಂತೆ ಒಂದು ಭಾರ. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಹೋಳಿಗೆಯ ಊಟವಾಗಿದ್ದಿತು. ಕಾರಣವು ಅಷ್ಟು ಸಮೀಪದಲ್ಲಿರುವಾಗ ಬೇರೊಂದನ್ನು ಹುಡುಕುವವರು ಯಾರು? ವಾಯುವೆಂದು ನಾನೇ ನಿದಾನ ಮಾಡಿ, ಓಮದ ಕಷಾಯವನ್ನು ಕುಡಿದು, ಪಡಸಾಲೆಯಲ್ಲಿ ಶತಪಥ ಹಾಕತೊಡಗಿದೆನು. ಮನೆಯವರನ್ನು ಎಬ್ಬಿಸಲಿಲ್ಲ. ಮೂವತ್ತೈದು ವರ್ಷ ಹುಡುಗರಿಗೆ ವಿಜ್ಞಾನಪಾಠ ಹೇಳಿದ ಮೇಷ್ಟ್ರ ನಡತೆಯಿದು.

ಎಂಟು ಗಂಟೆಯ ಹೊತ್ತಿಗೆ ನನ್ನ ಹೆಂಡತಿಯು ಬಂದು, ನನ್ನ ಅಂಗಿಯ ಬೆನ್ನು ತೊಯ್ದಿರುವುದನ್ನು ಕಂಡಳು. "ಈ ಚಳಿಯಲ್ಲಿ ನಿಮಗೇಕೆ ಬೆವರು?" ಎಂದಳು. "ಏನೂ ಇಲ್ಲ, ಒಂದು ಸೋಡಾ ತರಿಸು" ಎಂದೆನು. ಆ ಮಾತು ಬಾಯಿಂದ ಹೊರಬಿದ್ದೊಡನೆಯೇ ನನಗೆ ನನ್ನ ತಂದೆಯವರ ನೆನಪಾಯಿತು.

ಅದು 1971ನೆಯ ಇಸವಿ. ನನಗಾಗ 14 ವರ್ಷ. ತಂದೆಯವರು ಗದ್ದೆಯಿಂದ ಬಂದವರೇ ಎದೆಯನ್ನು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಮೈಯೆಲ್ಲ ಬೆವರು. ಅಕ್ಕನು ಓಮವನ್ನು ಅರೆಯುತ್ತ, "ಓಡಿಹೋಗಿ ಸೋಡಾ ತೆಗೆದುಕೊಂಡು ಬಾರೋ" ಎಂದಳು. ಅಂಗಡಿಯು ಒಂದು ಮೈಲಿ ದೂರ. ಅಂಗಡಿಯವನು ಊಟಕ್ಕೆ ಕುಳಿತಿದ್ದನು. ಅವನು ಕೈತೊಳೆದು ಬರುವ ತನಕ ನಾನು ಕಾದು ನಿಂತೆನು. ಗೋಲಿಸೋಡಾದ ಎರಡು ಬಾಟಲುಗಳನ್ನು ಎದೆಗವಚಿಕೊಂಡು ನಾನು ತಿರುಗಿ ಬರುವ ವೇಳೆಗೆ ಮನೆಯ ಮುಂದೆ ಜನ ಸೇರಿದ್ದರು. ಅನಂತರದ ಐವತ್ತೆರಡು ವರ್ಷಗಳಲ್ಲಿ, ಇನ್ನೂ ಸ್ವಲ್ಪ ಜೋರಾಗಿ ಓಡಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟ ದಿನಗಳು ಹೆಚ್ಚಿಲ್ಲ. ಅದನ್ನು ಯಾರೊಡನೆಯೂ ಹೇಳಿದವನಲ್ಲ.

ಆದುದರಿಂದ ನಾನು ಆ ದಿನ ಸೋಡಾವನ್ನು ಕುಡಿಯಲಿಲ್ಲ. ನಮ್ಮೂರಿನ ಆಸ್ಪತ್ರೆಯ ಡಾಕ್ಟರು ಇ.ಸಿ.ಜಿ. ಕಾಗದವನ್ನು ನೋಡಿದವರೇ ಆಸ್ಪಿರಿನ್ ಮಾತ್ರೆಯನ್ನು ಅಗಿಯಲು ಕೊಟ್ಟು, ನಾಳದೊಳಗಿನ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಹಾಕಿ, ಮೈಸೂರಿಗೆ ಕಳುಹಿಸಿದರು. ದಾರಿಯುದ್ದಕ್ಕೂ ನನ್ನ ಹೆಂಡತಿಯು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ಸಹಿಸುವುದು ಒನಕೆಯನ್ನು ಸಹಿಸುವುದಕ್ಕಿಂತ ಕಷ್ಟವಾಗಿದ್ದಿತು.

ಹೃದಯದ ಚಿಕಿತ್ಸೆಯೆಂದರೆ ಎದೆಯನ್ನು ಸೀಳುವುದೆಂದೇ ನಾನು ತಿಳಿದಿದ್ದೆನು. ಆದರೆ ಆ ತರುಣ ವೈದ್ಯರು ನನ್ನ ಬಲಗೈಯನ್ನು ಹಿಡಿದು, ನಾಡಿ ನೋಡುವ ಸ್ಥಳದಲ್ಲಿಯೇ ಬೆರಳನ್ನಿಟ್ಟು, "ಮೇಷ್ಟ್ರೇ, ಇದೇ ನಮ್ಮ ಬಾಗಿಲು" ಎಂದರು. ಮಣಿಕಟ್ಟಿನಷ್ಟು ಜಾಗಕ್ಕೆ ಮಾತ್ರ ಮರವೆಯ ಮದ್ದು. ನನಗೆ ಪೂರ್ಣ ಎಚ್ಚರ. ಸುಮಾರು ಎರಡು ಮಿಲಿಮೀಟರು ದಪ್ಪದ ಕ್ಯಾಥೆಟರೆಂಬ ಕೊಳವೆ ಆ ಬಾಗಿಲಿನಿಂದ ಒಳಹೊಕ್ಕು, ತೋಳನ್ನೇರಿ, ಹೆಗಲನ್ನು ದಾಟಿ ಹೃದಯದ ಬಾಯಿಗೆ ಹೋಗಿ ನಿಂತಿತು. ಹೋದದ್ದು ನನಗೆ ತಿಳಿಯಲಿಲ್ಲ. ರಕ್ತನಾಳಗಳ ಒಳಮೈಗೆ ಸ್ಪರ್ಶಜ್ಞಾನವಿಲ್ಲವಂತೆ. ಅದರ ಮೂಲಕ ಬಣ್ಣದ ದ್ರವವನ್ನು ಬಿಟ್ಟೊಡನೆಯೇ ಪಕ್ಕದ ತೆರೆಯ ಮೇಲೆ, ಎಲೆ ಉದುರಿದ ಗಿಡದ ಕೊಂಬೆಗಳಂತೆ, ನನ್ನ ಹೃದಯದ ಧಮನಿಗಳು ಕಂಡುಬಂದುವು. ಪ್ರತಿ ಬಡಿತಕ್ಕೂ ಗಿಡವು ತೂಗುತ್ತಿದ್ದಿತು. ಒಂದು ಕೊಂಬೆಯು ನಡುವೆ ದಾರದಂತಾಗಿದ್ದಿತು. ಅರುವತ್ತಾರು ವರ್ಷ ನನ್ನನ್ನು ನಡೆಸಿದ ವಸ್ತುವನ್ನು ನಾನು ನೋಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೆ ಭಯಕ್ಕಿಂತ ಸಂಕೋಚವೇ ಹೆಚ್ಚಾಯಿತು.

ಆಮೇಲೆ ಕೂದಲೆಳೆಯಂಥ ತಂತಿಯೊಂದನ್ನು ಆ ದಾರದೊಳಗಿಂದ ದಾಟಿಸಿದರು. ಅದರ ಮೇಲೆ ಮಡಿಸಿದ ಬೆಲೂನು. ಬೆಲೂನಿನ ಮೇಲೆ ಬಿಗಿದ ಲೋಹದ ಬಲೆ. ಇದೇ ಸ್ಟೆಂಟು. ಬೆಲೂನಿಗೆ ತುಂಬುವುದು ಗಾಳಿಯನ್ನಲ್ಲ, ಬಣ್ಣದ ದ್ರವವನ್ನು. ಒತ್ತಡವು ಮೋಟಾರುಗಾಡಿಯ ಚಕ್ರದಲ್ಲಿರುವುದರ ನಾಲ್ಕೈದು ಪಾಲು. ಅದು ಉಬ್ಬಿದ ಕೆಲವು ಕ್ಷಣ ಆ ನಾಳದಲ್ಲಿ ರಕ್ತಸಂಚಾರವೇ ನಿಲ್ಲುತ್ತದೆ. ಒನಕೆಯು ಮತ್ತೆ ಎದೆಯ ಮೇಲೆ ಬಂದು ಕುಳಿತಿತು. "ಡಾಕ್ಟರೇ, ಅದೇ ನೋವು" ಎಂದೆನು. "ಅದೇ ಸ್ಥಳ, ಮೇಷ್ಟ್ರೇ" ಎಂದರವರು, ತೆರೆಯಿಂದ ಕಣ್ಣು ತೆಗೆಯದೆ. ಬೆಲೂನನ್ನು ಇಳಿಸಿದರು, ಒನಕೆ ಎದ್ದುಹೋಯಿತು. ಬಲೆಯು ನಾಳದ ಗೋಡೆಗೆ ಒತ್ತಿಕೊಂಡು ಅಲ್ಲಿಯೇ ನಿಂತಿತು. ಈ ಹೊತ್ತಿಗೂ ನಿಂತಿದೆ.

ಮನೆಗೆ ಬಂದು ಹಾಸಿಗೆಯಲ್ಲಿದ್ದಾಗ, ಈ ದಾರಿಯನ್ನು ಮೊದಲು ನಡೆದವರಾರೆಂದು ಓದಿ ತಿಳಿದೆನು. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮಾನ್ ಎಂಬ ತರುಣ ವೈದ್ಯನಿದ್ದನು. ತೋಳಿನ ರಕ್ತನಾಳದಿಂದ ಹೃದಯವನ್ನು ಮುಟ್ಟಬಹುದೆಂದು ಅವನ ನಂಬಿಕೆ. ಕೂಡದೆಂದು ಮೇಲಧಿಕಾರಿಯ ಅಪ್ಪಣೆ. 1929ರಲ್ಲಿ ಅವನು ಒಬ್ಬ ದಾದಿಯನ್ನು ಒಪ್ಪಿಸಿ, ಪ್ರಯೋಗವು ಅವಳ ಮೇಲೆಯೇ ಎಂದು ನಂಬಿಸಿ, ಅವಳನ್ನು ಮೇಜಿಗೆ ಕಟ್ಟಿದನು. ಕೊಳವೆಯನ್ನು ತೂರಿಸಿದ್ದು ಮಾತ್ರ ತನ್ನ ಎಡತೋಳಿಗೆ. ಬಳಿಕ ಅದೇ ಸ್ಥಿತಿಯಲ್ಲಿ ಕೆಳಗಿನ ಕ್ಷಕಿರಣದ ಕೋಣೆಗೆ ನಡೆದುಹೋಗಿ, ಕೊಳವೆಯ ತುದಿಯು ಹೃದಯದೊಳಗಿರುವ ಚಿತ್ರವನ್ನು ತೆಗೆಯಿಸಿದನು. ಧೈರ್ಯವು ಅಸಾಧಾರಣವಾದುದು. ಆದರೂ ಆ ದಾದಿಯನ್ನು ಹಾಗೆ ವಂಚಿಸಿದ್ದು ನನಗೆ ಹಿಡಿಸಲಿಲ್ಲ. 1956ರಲ್ಲಿ ಅವನಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವು ಬಂದಿತು. ಅಷ್ಟರಲ್ಲಿ ಅವನು ಹೃದಯವನ್ನು ಬಿಟ್ಟು ಮೂತ್ರರೋಗಗಳ ವೈದ್ಯನಾಗಿದ್ದನು.

ಬೆಲೂನಿನ ಕಲ್ಪನೆಯನ್ನು ಹೃದಯದ ಧಮನಿಗೆ ಒಯ್ದವನು ಆಂಡ್ರಿಯಾಸ್ ಗ್ರುಂಟ್ಸಿಗ್. ಈತನು ತನ್ನ ಬೆಲೂನುಗಳನ್ನು ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ಕುಳಿತು ತಯಾರಿಸುತ್ತಿದ್ದನಂತೆ. 1977ನೆಯ ಇಸವಿ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, 38 ವರ್ಷದ ಎಚ್ಚರವಿದ್ದ ರೋಗಿಯೊಬ್ಬನ ನಾಳವನ್ನು ಹೀಗೆ ಹಿಗ್ಗಿಸಿದನು. ಹತ್ತು ವರ್ಷಗಳ ತರುವಾಯ ನೋಡಿದಾಗಲೂ ಆ ನಾಳವು ತೆರೆದೇ ಇದ್ದಿತು. ಅದನ್ನು ಕಾಣಲು ಗ್ರುಂಟ್ಸಿಗ್ ಉಳಿದಿರಲಿಲ್ಲ. 1985ರಲ್ಲಿ ವಿಮಾನಾಪಘಾತದಲ್ಲಿ ತೀರಿಹೋಗಿದ್ದನು.

1977ನೆಯ ಇಸವಿ ಎಂಬಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮಡಿಸಿದೆನು. ತಂದೆಯವರು ಹೋದದ್ದು 1971ರಲ್ಲಿ. ಅಂದು ಗಾಡಿ ಕಟ್ಟಿ ಎಲ್ಲಿಗೆ ಒಯ್ದಿದ್ದರೂ ಈ ಬಾಗಿಲನ್ನು ತೆರೆಯಬಲ್ಲವರು ಲೋಕದಲ್ಲಿಯೇ ಇರಲಿಲ್ಲ.

ಇನ್ನೊಂದು ವಿಷಯ. ನನ್ನ ಮತ್ತೊಂದು ನಾಳದಲ್ಲಿಯೂ ನೂರಕ್ಕೆ 40ರಷ್ಟು ಸಂಕೋಚವಿದೆ. ವೈದ್ಯರು ಅದನ್ನು ಮುಟ್ಟಲಿಲ್ಲ. ನನ್ನ ಅಳಿಯಂದಿರಿಗೆ ಇದು ಸಮಾಧಾನವಾಗಲಿಲ್ಲ. "ಮಾವನವರೇ, ಹೇಗೂ ಒಳಗೆ ಹೋಗಿದ್ದರಲ್ಲ, ಅದಕ್ಕೂ ಒಂದು ಹಾಕಿಬಿಡಬಾರದಾಗಿತ್ತೇ?" ಎಂದು ಬಂದಾಗಲೆಲ್ಲ ಕೇಳುತ್ತಾರೆ. ಹೃದಯಾಘಾತವು ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯುವುದು ಪ್ರಾಣವನ್ನು ಉಳಿಸುತ್ತದೆ. ಆದರೆ ನಡೆದಾಗ ಮಾತ್ರ ನೋಯುವ, ಸ್ಥಿಮಿತದಲ್ಲಿರುವ ರೋಗದಲ್ಲಿ ಔಷಧದ ಜೊತೆಗೆ ಸ್ಟೆಂಟನ್ನೂ ಹಾಕಿದರೆ ನೋವು ಕಡಿಮೆಯಾಗಬಹುದಾದರೂ ಆಯುಸ್ಸು ಹೆಚ್ಚುವುದಿಲ್ಲವೆಂದು 2007ರಲ್ಲಿ ಪ್ರಕಟವಾದ ಕರೇಜ್ ಎಂಬ ಪರೀಕ್ಷೆಯು ತೋರಿಸಿತು. ಎರಡನೆಯ ನಾಳದ ಸಂಕೋಚವಂತೂ ನೋವು ಕೊಡುವಷ್ಟೂ ದೊಡ್ಡದಲ್ಲ. ನನ್ನ ವೈದ್ಯರ ಮಾತು ಇನ್ನೂ ಸರಳ: "ನಾನು ಒಂದು ಕಡೆ ಕೊಳಾಯಿಯನ್ನು ತೆರೆದೆ, ಮೇಷ್ಟ್ರೇ. ರೋಗ ಎಲ್ಲ ಕಡೆಯೂ ಇದೆ. ಅದಕ್ಕೆ ಮಾತ್ರೆ, ನಡಿಗೆ, ಮತ್ತು ನಿಮ್ಮ ನಾಲಿಗೆ." ಅಳಿಯಂದಿರು ಒಪ್ಪಿಲ್ಲ. ನಾನು ಒಪ್ಪಿದ್ದೇನೆ, ನಶ್ಯವನ್ನೂ ಬಿಟ್ಟಿದ್ದೇನೆ.

ಅಕ್ಕನಿಗೆ ಈಗ 77 ವರ್ಷ. ಆಸ್ಪತ್ರೆಯಿಂದ ಬಂದ ವಾರ ಟೆಲಿಫೋನಿನಲ್ಲಿ ಮಾತನಾಡಿದಳು. ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೂ ಇದೇ ಆಗಿದ್ದೇನೋ?" ಎಂದಳು.

"ಇದೇ ಇರಬೇಕು, ಅಕ್ಕ."

"ಡಾಕ್ಟರನ್ನು ಕರೆಸೋಣವೆಂದು ಅಮ್ಮ ಹೇಳಿದಳು. ವಾಯು, ಸುಮ್ಮನಿರು ಅಂದವಳು ನಾನು."

ಈ ಮಾತನ್ನು ನಾನು ಅದುವರೆಗೂ ಕೇಳಿರಲಿಲ್ಲ. ಜ್ಯೂರಿಕ್ ನಗರದ ಕಥೆಯನ್ನು, 1977ನೆಯ ಇಸವಿಯನ್ನು, ನನಗೆ ತಿಳಿದಮಟ್ಟಿಗೆ ಅವಳಿಗೆ ಹೇಳಿದೆನು. ನಾನು ಅಂಗಡಿಯ ಮುಂದೆ ಕಾದು ನಿಂತದ್ದನ್ನೂ ಹೇಳಿದೆನು. ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಕೊನೆಗೆ, "ರಾತ್ರಿಯ ಮಾತ್ರೆ ತೆಗೆದುಕೊಂಡೆಯಾ?" ಎಂದು ಕೇಳಿದಳು. ಇನ್ನೂ ಇಲ್ಲವೆಂದೆನು. "ಮೊದಲು ಅದನ್ನು ತೆಗೆದುಕೋ, ಹೋಗು" ಎಂದು ಟೆಲಿಫೋನನ್ನು ಇಟ್ಟುಬಿಟ್ಟಳು.