ಪರರ ಪಂಕ್ತಿಯಲ್ಲಿ ಶ್ರಾವಕ

ಜೈನ ಗೃಹಸ್ಥನ ಧರ್ಮವು ಅಡುಗೆಮನೆಯಿಂದಲೇ ಆರಂಭವಾಗುತ್ತದೆ. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ, ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನ ಅಷ್ಟ ಮೂಲಗುಣಗಳೆಂದು ಹೇಳಿದ್ದಾರೆ. ಸ್ವಗೃಹದಲ್ಲಿ ಈ ನಿಯಮಗಳ ಪಾಲನೆ ಕಷ್ಟವೇನಲ್ಲ. ನೀರನ್ನು ಸೋಸುವ ಕೈ, ಧಾನ್ಯವನ್ನು ಶೋಧಿಸುವ ಕಣ್ಣು ಎರಡೂ ಮನೆಯವರವೇ ಆಗಿರುತ್ತವೆ. ಆದರೆ ಪರರ ಪಂಕ್ತಿಯಲ್ಲಿ, ಅದರಲ್ಲಿಯೂ ಪರದೇಶದ ಪಾಕಪದ್ಧತಿಯ ಮುಂದೆ ಕುಳಿತಾಗ, ವ್ರತವು ಕೇವಲ ಅಭ್ಯಾಸವೋ ಅಥವಾ ವಿವೇಕವೋ ಎಂಬುದು ಪರೀಕ್ಷೆಗೆ ಒಳಗಾಗುತ್ತದೆ.

ಬೆಂಗಳೂರಿನ ಇಂದಿರಾನಗರದಲ್ಲಿ ನೆಲೆಸಿರುವ ಒಬ್ಬ ಗೃಹಸ್ಥರಿಗೆ ಕೆಲವು ವರ್ಷಗಳ ಹಿಂದೆ ಇಂತಹ ಪರೀಕ್ಷೆ ಒದಗಿತು. ಮೂಲತಃ ಕಾರ್ಕಳದ ಕಡೆಯವರಾದ ಅವರು ಕೆ.ಆರ್. ಪುರದ ಸಮೀಪದ ಮಹದೇವಪುರದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯನ್ನು ನಡೆಸುತ್ತಿದ್ದರು. 1997ರಲ್ಲಿ ಬಿಡದಿಯ ಟೊಯೋಟಾ ಸಂಸ್ಥೆ ಸ್ಥಾಪನೆಯಾಯಿತು. 2013ರಲ್ಲಿ ಕೋಲಾರದ ಹೆದ್ದಾರಿಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಆರಂಭವಾಯಿತು. ಹೀಗೆ ಬೆಂಗಳೂರಿನ ಸುತ್ತಮುತ್ತ ಜಪಾನೀಯರ ವಾಸ ಹೆಚ್ಚಿದಂತೆ ನಗರದಲ್ಲಿ ಅವರ ಊಟದ ಮನೆಗಳೂ ತಲೆಯೆತ್ತಿದವು. ಅಂತಹ ಒಂದು ಉದ್ಯಮದ ಹಿರಿಯ ಅಧಿಕಾರಿಯೊಬ್ಬರು ಗೃಹಸ್ಥರನ್ನು ಭೋಜನಕ್ಕೆ ಆಹ್ವಾನಿಸಿದರು. ಬಿಡಿಭಾಗಗಳ ದೊಡ್ಡದೊಂದು ಒಪ್ಪಂದವು ಮಾತುಕತೆಯ ಹಂತದಲ್ಲಿದ್ದ ಕಾಲವದು. ಕಾರ್ಖಾನೆಗೆ ಅದರ ಅಗತ್ಯವೂ ಇತ್ತು.

ಆಹ್ವಾನ ಬಂದದ್ದು ರಾತ್ರಿ ಎಂಟು ಗಂಟೆಗೆ. ಸೂರ್ಯಾಸ್ತದ ನಂತರ ತಾವು ಆಹಾರ ಸೇವಿಸುವುದಿಲ್ಲವೆಂದು ಗೃಹಸ್ಥರು ಸಂಕೋಚದಿಂದಲೇ ತಿಳಿಸಿದರು. ಆತಿಥೇಯರು ಕಾರಣವನ್ನು ಕೇಳಿ, ಬೇಸರಿಸದೆ ಭೋಜನವನ್ನು ಮರುದಿನದ ಮಧ್ಯಾಹ್ನಕ್ಕೆ ಬದಲಿಸಿದರು. ಹೇಳಲು ಎಷ್ಟೊಂದು ಅಳುಕಿದ್ದ ಮಾತು ಎಷ್ಟು ಸುಲಭವಾಗಿ ಸ್ವೀಕೃತವಾಯಿತೆಂದು ಗೃಹಸ್ಥರಿಗೆ ಆಶ್ಚರ್ಯವಾಯಿತು.

ಹಲಸೂರಿನ ಕಡೆಯ ಒಂದು ತಾರಾ ಹೋಟೆಲಿನಲ್ಲಿತ್ತು ಆ ಭೋಜನಶಾಲೆ. ನಸುಬೆಳಕು, ನುಣುಪಾದ ಮರದ ಮೇಜು, ಎದುರಿಗೇ ನಿಂತು ಅಡುಗೆ ಮಾಡುವ ಬಾಣಸಿಗರು, ಸದ್ದುಗದ್ದಲವೆಂಬುದಿಲ್ಲ. ಗೃಹಸ್ಥರು ಸೋಸಿ ಕಾಯಿಸಿದ ನೀರಿನ ಬಾಟಲಿಯನ್ನು ಜೊತೆಗೆ ತಂದಿದ್ದರು. ತಿನಿಸುಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಹಸಿರು ಚುಕ್ಕೆ ಇತ್ತು. ಪೊಟ್ಟಣದ ಆಹಾರದ ಮೇಲೆ ಕಡ್ಡಾಯವಾದ ಈ ಗುರುತನ್ನು ಕಂಡೊಡನೆ ಶಾಕಾಹಾರಿಯ ಮನಸ್ಸು ನಿರಾಳವಾಗುವುದು ಸಹಜ. ಮಿಸೊ ಎಂಬ ಸಾರು, ಸೋಯಾ ಹಾಲನ್ನು ಒಡೆಸಿ ಮಾಡಿದ ತೋಫು, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿಯ ಟೆಂಪುರ ಇವೆಲ್ಲಕ್ಕೂ ಹಸಿರು ಚುಕ್ಕೆಯೇ ಇತ್ತು. ಸಾರಿನಲ್ಲಿ ಮೀನು ಇಲ್ಲವಷ್ಟೇ ಎಂದು ಕೇಳಿದ್ದಕ್ಕೆ ಬಡಿಸುವ ಯುವಕನು “ಇಲ್ಲ ಸಾರ್, ಮೀನಿನ ತುಂಡು ಹಾಕುವುದಿಲ್ಲ” ಎಂದನು.

‘ತುಂಡು’ ಎಂಬ ಒಂದು ಶಬ್ದವು ಗೃಹಸ್ಥರನ್ನು ತಡೆಯಿತು. ತುಂಡು ಇಲ್ಲದಿದ್ದರೆ ಮತ್ತೇನಿದೆ? ಮತ್ತೊಮ್ಮೆ ಕೇಳಿದರೆ ಆತಿಥೇಯರ ಮೇಲೆ ಅವಿಶ್ವಾಸ ತೋರಿದಂತೆ. ಕೇಳದಿದ್ದರೆ ವ್ರತದ ಮೇಲೆ ಅನಾದರ ತೋರಿದಂತೆ. ಮನಸ್ಸಿನ ಒಂದು ಮೂಲೆಯಲ್ಲಿ ಒಪ್ಪಂದದ ಚಿಂತೆಯೂ ಇತ್ತು. ಗೊತ್ತಿಲ್ಲದೆ ತಿಂದರೆ ದೋಷ ಅಲ್ಪ ಎಂಬ ಸಮಾಧಾನವೂ ಸುಳಿಯದಿರಲಿಲ್ಲ. ಆದರೆ ತಿಳಿಯುವ ಅವಕಾಶವಿದ್ದೂ ತಿಳಿಯದೆ ಉಳಿಯುವುದು ಅಜ್ಞಾನವಲ್ಲ, ಪ್ರಮಾದ. ಹಿಂಸೆಯ ಮೂಲವೇ ಪ್ರಮಾದವೆಂದು ‘ತತ್ತ್ವಾರ್ಥಸೂತ್ರ’ವು ಬೋಧಿಸುತ್ತದೆ. ಗೃಹಸ್ಥರು ಎದ್ದು ಬಾಣಸಿಗರ ಬಳಿಗೆ ಹೋಗಿ ವಿನಯದಿಂದ ವಿಚಾರಿಸಿದರು.

ಬಾಣಸಿಗರು ಮುಚ್ಚುಮರೆಯಿಲ್ಲದೆ ವಿವರಿಸಿದರು. ಕರ್ನಾಟಕದ ಸಾರಿಗೆ ಬೇಳೆಕಟ್ಟು ಇರುವಂತೆ ಜಪಾನಿನ ಅಡುಗೆಗೆ ‘ದಾಶಿ’ ಎಂಬ ರಸವೇ ಆಧಾರ. ಸಮುದ್ರದ ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಮರದ ತುಂಡಿನಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಕಾಗದದಷ್ಟು ತೆಳುವಾಗಿ ಹೆರೆದು, ಕೊಂಬು ಎಂಬ ಕಡಲ ಪಾಚಿಯೊಡನೆ ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಮಾತ್ರ ಸೋಸಿಕೊಳ್ಳುತ್ತಾರೆ. ಮೀನು ಹೊರಗೆ ಹೋಗುತ್ತದೆ, ಮೀನಿನ ಸಾರ ಉಳಿಯುತ್ತದೆ. ತೋಫುವಿನ ಮೇಲಿನ ರಸದಲ್ಲಿಯೂ ಅದೇ. ಟೆಂಪುರದ ಹಿಟ್ಟಿಗೆ ಮೊಟ್ಟೆ ಸೇರುತ್ತದೆ. ಕರಿಯುವ ಎಣ್ಣೆ ಸಿಗಡಿಯನ್ನು ಕರಿದ ಎಣ್ಣೆಯೇ. ಸಿಹಿಗಾಗಿ ಬಳಸುವ ‘ಮಿರಿನ್’ ಅಕ್ಕಿಯಿಂದ ತೆಗೆದ ಮದ್ಯ. ಹೀಗೆ ಹಸಿರು ಚುಕ್ಕೆಯ ಅಡಿಯಲ್ಲಿ ಮದ್ಯ, ಮಾಂಸಗಳೆರಡೂ ಸದ್ದಿಲ್ಲದೆ ಕುಳಿತಿದ್ದವು. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೂವುಹಣ್ಣಿಗಾಗಿ ಹೋಗುವ ಶ್ರಾವಕನಿಗೆ ಅಲ್ಲಿ ಮೀನು ಮೀನಾಗಿಯೇ ಕಾಣುತ್ತದೆ. ದೂರದಿಂದಲೇ ವಾಸನೆಯೂ ಎಚ್ಚರಿಸುತ್ತದೆ. ಇಲ್ಲಿ ಕಣ್ಣಿಗೂ ಮೂಗಿಗೂ ಸಾಕ್ಷ್ಯವಿರಲಿಲ್ಲ. ಪ್ರಶ್ನೆಯೊಂದೇ ದಾರಿಯಾಗಿತ್ತು.

ವಿಷಯ ತಿಳಿದ ಆತಿಥೇಯರು ನೊಂದುಕೊಂಡರು. ತಮ್ಮ ದೇಶಕ್ಕೂ ಇಂತಹ ಸಂಯಮ ಅಪರಿಚಿತವಲ್ಲವೆಂದು ಹೇಳಿದರು. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳುಗಳಲ್ಲಿ ನಿಷೇಧಿಸಿದ್ದನು. ಮೀನು ಮಾತ್ರ ಆ ನಿಷೇಧದಲ್ಲಿ ಸೇರಿರಲಿಲ್ಲ. ಬೌದ್ಧ ಮಠಗಳಲ್ಲಿ ‘ಶೋಜಿನ್ ರ‍್ಯೋರಿ’ ಎಂಬ ಪಾಕಪದ್ಧತಿ ಇಂದಿಗೂ ಇದೆ. ಅದರಲ್ಲಿ ಮೀನುಮಾಂಸಗಳಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಡೋಗೆನ್ ಎಂಬ ಆಚಾರ್ಯನು 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥವನ್ನು ಬರೆದಿದ್ದಾನೆ. ಆ ಪದ್ಧತಿಯಂತೆ ಕೊಂಬು ಮತ್ತು ಒಣ ಅಣಬೆಗಳಿಂದ ರಸ ಮಾಡಿಸಬಹುದಲ್ಲವೇ ಎಂದು ಆತಿಥೇಯರು ಉತ್ಸಾಹದಿಂದ ಕೇಳಿದರು. ಪಾಚಿ ಮತ್ತು ಅಣಬೆಗಳು ಅನಂತ ಜೀವಗಳಿಗೆ ಒಂದೇ ಶರೀರವಾದ ಸಾಧಾರಣ ವನಸ್ಪತಿಗಳೆಂದು ಜೈನಾಗಮ ಹೇಳುವುದನ್ನು ಗೃಹಸ್ಥರು ತಿಳಿಸಬೇಕಾಯಿತು. ಕೊನೆಗೆ ಏನನ್ನೂ ಬೆರೆಸದ ಬಿಳಿ ಅನ್ನ, ಹೆಚ್ಚಿದ ಸೌತೆಕಾಯಿ, ಉಪ್ಪು, ಹುರಿದ ಎಳ್ಳು ಇಷ್ಟು ತಟ್ಟೆಗೆ ಬಂದಿತು. ಜಪಾನೀಯರು ಊಟಕ್ಕೆ ಮೊದಲು ಕೈಜೋಡಿಸಿ ‘ಇತದಾಕಿಮಸು’, ಅಂದರೆ ವಿನಯದಿಂದ ಸ್ವೀಕರಿಸುತ್ತೇನೆ, ಎನ್ನುವರು. ಗೃಹಸ್ಥರು ಮನದಲ್ಲಿಯೇ ಣಮೋಕಾರ ಮಂತ್ರವನ್ನು ಸ್ಮರಿಸಿ ಉಂಡರು.

ಪ್ರಸಂಗ ಇಲ್ಲಿಗೇ ಮುಗಿದಿದ್ದರೆ ಅದು ಒಬ್ಬ ಶ್ರಾವಕನ ವ್ರತನಿಷ್ಠೆಯ ಕಥೆಯಾಗುತ್ತಿತ್ತು. ಊಟದ ನಂತರ ಗೃಹಸ್ಥರು ಆತಿಥೇಯರ ಪತ್ನಿಗೆಂದು ತಂದಿದ್ದ ಮೈಸೂರು ರೇಷ್ಮೆಯ ಶಾಲನ್ನು ಅರ್ಪಿಸಿದರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ತಾವು ನಾಗಾನೊ ಪ್ರಾಂತದವರೆಂದೂ, ತಮ್ಮ ಅಜ್ಜಿ ರೇಷ್ಮೆಹುಳು ಸಾಕುತ್ತಿದ್ದರೆಂದೂ ಹೇಳಿದರು. ನೂಲು ತೆಗೆದ ಮೇಲೆ ಗೂಡಿನೊಳಗೆ ಬೆಂದು ಸತ್ತ ಹುಳುಗಳನ್ನು ಎಸೆಯದೆ ಸೋಯಾ ರಸದಲ್ಲಿ ಬೇಯಿಸಿ ತಿನ್ನುತ್ತಿದ್ದರಂತೆ. ಆ ಹುಳುಗಳ ನೆನಪಿಗೆ ಜಪಾನಿನಲ್ಲಿ ಸ್ಮಾರಕ ಶಿಲೆಗಳನ್ನು ನೆಟ್ಟು ಪೂಜಿಸುವುದೂ ಉಂಟು. ಅನಂತರ ಆಕೆ ನಿಷ್ಕಪಟವಾಗಿ ಕೇಳಿದರು: “ಸಾರಿನಲ್ಲಿ ಕಾಣದ ಮೀನನ್ನೂ ತಾವು ಕೇಳಿ ಬಿಟ್ಟಿರಿ. ರೇಷ್ಮೆಯ ವಿಷಯದಲ್ಲಿ ತಮ್ಮ ಧರ್ಮ ಏನು ಹೇಳುತ್ತದೆ?”

ಗೃಹಸ್ಥರಲ್ಲಿ ಉತ್ತರವಿರಲಿಲ್ಲ. ಪತಂಗವು ಗೂಡನ್ನು ಸೀಳಿ ಹೊರಬಂದರೆ ಎಳೆ ತುಂಡಾಗುವುದೆಂದು, ಜೀವವಿರುವಾಗಲೇ ಗೂಡನ್ನು ಶಾಖಕ್ಕೆ ಒಡ್ಡುವುದು ಅವರಿಗೆ ತಿಳಿಯದ ವಿಷಯವಲ್ಲ. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳು ದೂರದಲ್ಲೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟ್‌ಜಿ ಟಾಟಾ ಅವರು ಜಪಾನೀ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆ ತೋಟದ ಹೆಸರು ಬಸವನಗುಡಿಯ ಬಳಿ ಇಂದಿಗೂ ಉಳಿದಿದೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಸ್ವತಃ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಅಂದರೆ ಕೃತ, ಕಾರಿತ, ಅನುಮೋದನೆಗಳು ಮೂರೂ ಕರ್ಮಬಂಧಕ್ಕೆ ಕಾರಣವೆಂದು ಬಾಲ್ಯದಿಂದಲೇ ಕಲಿತವರು ಅವರು. ಪಂಚೇಂದ್ರಿಯ ಜೀವಿಯಾದ ಮೀನಿನ ಬಗೆಗೆ ಇದ್ದ ಎಚ್ಚರವು ಹುಳುವಿನ ಬಗೆಗೆ ಏಕೆ ಮಲಗಿತ್ತು? ಮೀನು ಪರರ ಆಚಾರ, ರೇಷ್ಮೆ ಸ್ವಂತ ಮನೆಯ ಆಚಾರ ಎಂಬುದಲ್ಲದೆ ಬೇರೆ ಕಾರಣ ಅವರಿಗೆ ಹೊಳೆಯಲಿಲ್ಲ. “ತಮ್ಮ ಪ್ರಶ್ನೆ ಸರಿಯಾಗಿದೆ, ಉತ್ತರವನ್ನು ನಾನಿನ್ನು ಹುಡುಕಬೇಕು” ಎಂದಷ್ಟೇ ಹೇಳಿದರು.

ಒಪ್ಪಂದವು ಮುಂದೆ ಬೇರೊಬ್ಬರ ಪಾಲಾಯಿತು. ಅದಕ್ಕೆ ಕಾರಣ ಬೆಲೆಯೇ ಹೊರತು ಊಟವಲ್ಲ. ಆದರೆ ಆ ಪ್ರಶ್ನೆ ಮನೆಯವರೆಗೂ ಬಂದಿತು. ಇರುವ ಸೀರೆಗಳನ್ನು ಬಿಸುಡುವುದರಿಂದ ಸತ್ತ ಜೀವ ಮರಳದು, ಹೊಸದನ್ನು ಕೊಳ್ಳುವುದು ಬೇಡ ಎಂದು ಪತ್ನಿಯು ನಿರ್ಧರಿಸಿದರು. ತಾವು ಸದಸ್ಯರಾಗಿರುವ ಬಸದಿಯ ಆಡಳಿತ ಮಂಡಳಿಯಲ್ಲಿ ಗೃಹಸ್ಥರು, ಸನ್ಮಾನದ ಶಾಲುಗಳನ್ನು ಕೈಮಗ್ಗದ ಹತ್ತಿಯವೇ ಆಗಿಸಬೇಕೆಂದು ಸೂಚಿಸಿದರು. ಪೂಜೆಗೆ ಪಟ್ಟೆಯೇ ಮಡಿಯೆಂದು ಹಿರಿಯರು ಆಕ್ಷೇಪಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ಸನ್ಮಾನದ ಶಾಲು ಮಾತ್ರ ಹತ್ತಿಯದಾಗಿದೆ.

ಕೇಳಿ ಉಣ್ಣುವುದು ಶ್ರಾವಕನ ಕರ್ತವ್ಯ. ಹಾಗೆ ಕೇಳುವಾಗ ಅಹಂಕಾರವಿರಬಾರದು, ಬಡಿಸುವವನನ್ನು ಅಪರಾಧಿಯಂತೆ ಕಾಣಬಾರದು. ಅನ್ಯರು ಅದೇ ಪ್ರಶ್ನೆಯನ್ನು ತನ್ನತ್ತ ತಿರುಗಿಸಿದಾಗ ಕೋಪಿಸದೆ ಆಲಿಸುವುದು ಅದಕ್ಕಿಂತ ದೊಡ್ಡ ವ್ರತ. ಹಸಿರು ಚುಕ್ಕೆಯನ್ನು ನಂಬಿ ವಿಚಾರವನ್ನು ಬಿಡುವಂತೆಯೇ, ರೂಢಿಯನ್ನು ನಂಬಿ ವಿಚಾರವನ್ನು ಬಿಡುವುದೂ ಪ್ರಮಾದವೇ. ಅಹಿಂಸೆಯ ಆಚರಣೆಯು ಪರರ ತಟ್ಟೆಯನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಸ್ವಂತ ಪೆಟ್ಟಿಗೆಯನ್ನೂ ಪರಿಶೀಲಿಸಬೇಕು.