ಹುಲಿಗಿಯ ಹೊಳೆದಂಡೆಯಲ್ಲಿ ಹುಲಿ-ಕುರಿ

ಹೊಸಪೇಟೆಯನ್ನು ಬಿಟ್ಟು ಕೊಪ್ಪಳದ ದಾರಿ ಹಿಡಿದ ಪ್ರಯಾಣಿಕನು, 1953ರಲ್ಲಿ ಮುಗಿದ ಅಣೆಕಟ್ಟನ್ನು ಎಡಕ್ಕೆ ಕಂಡು ತುಂಗಭದ್ರೆಯನ್ನು ದಾಟಿದರೆ ಮುನಿರಾಬಾದು. ಅದರ ನೆರೆಯಲ್ಲಿಯೇ ಹುಲಿಗಿ. ನದಿಯ ಎಡದಂಡೆಯ ಈ ಗ್ರಾಮದ ಕೀರ್ತಿಗೆ ಕಾರಣಳಾದವಳು ಹುಲಿಗೆಮ್ಮ ದೇವಿ. ಮಂಗಳವಾರ, ಶುಕ್ರವಾರಗಳಲ್ಲಿ ಜನ ಹೆಚ್ಚು; ಹುಣ್ಣಿಮೆಯಂದಂತೂ ಹೊಳೆಯ ದಂಡೆಯೇ ಒಂದು ಊರಾಗುತ್ತದೆ.

ಯಾತ್ರೆಯೆಂದರೆ ಅರ್ಧ ನಡಿಗೆ, ಅರ್ಧ ಕಾಯುವಿಕೆ. ದರ್ಶನದ ಸರದಿಗೆ, ಅಡಿಗೆ ಬೇಯುವುದಕ್ಕೆ, ಹಿಂದಿರುಗುವ ಬಸ್ಸಿಗೆ, ಎಲ್ಲಕ್ಕೂ ಕಾಯಬೇಕು. ಪಟ್ಟಣದ ಒಂದೇ ಮನೆಯಲ್ಲಿದ್ದೂ ಮಾತಿಗೆ ಬಿಡುವಿಲ್ಲದ ಅಜ್ಜನೂ ಮೊಮ್ಮಗಳೂ ಇಲ್ಲಿ ಒಂದೇ ಮರದ ನೆರಳಿಗೆ ಬರುತ್ತಾರೆ. ಆ ಹೊತ್ತನ್ನು ಮೊಬೈಲಿನ ಪರದೆಗೆ ಒಪ್ಪಿಸಿಬಿಡುವುದು ಸುಲಭ.

ನಗರದ ಹಿರಿಯರಲ್ಲಿ ಬ್ರಿಜ್ ಆಟದ ಪ್ರೇಮಿಗಳು ಅನೇಕರುಂಟು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ಬ್ರಿಜ್‌ನ ಚಿನ್ನವನ್ನು ಭಾರತಕ್ಕೆ ತಂದ ಪ್ರಣಬ್ ಬರ್ಧನರಿಗೆ ಆಗ 60 ವರ್ಷ, ಶಿಬನಾಥ ಸರ್ಕಾರರಿಗೆ 56. ಬುದ್ಧಿಯ ಆಟಕ್ಕೆ ಮುಪ್ಪಿಲ್ಲ. ಆದರೆ ಅದಕ್ಕೆ ನಾಲ್ವರು ಬೇಕು, 52 ಎಲೆ ಬೇಕು, ಹರಾಜಿನ ಪರಿಭಾಷೆ ತಿಳಿದಿರಬೇಕು. ಮಗುವನ್ನು ಆ ಹೊಸ್ತಿಲಿಗೆ ಕರೆದೊಯ್ಯಲು ಮೊದಲೊಂದು ಮೆಟ್ಟಿಲು ಅಗತ್ಯ. ಹೆಸರಿನಲ್ಲಿಯೇ ಹುಲಿಯನ್ನು ಧರಿಸಿದ ಈ ಊರಿನಲ್ಲಿ ನೆನಪಿಗೆ ಬರಬೇಕಾದ ಮೆಟ್ಟಿಲು ಹುಲಿ-ಕುರಿ ಆಟ.

ಮರಳಿನ ಮೇಲೆ ಬೆರಳಿನಿಂದಲೇ ಇದರ ಮನೆಯನ್ನು ಬರೆಯಬಹುದು. ಮೇಲೊಂದು ಶಿಖರ; ಅಲ್ಲಿಂದ ಪಾದದ ಗೆರೆಗೆ ಇಳಿಯುವ ನಾಲ್ಕು ರೇಖೆಗಳು; ನಡುವೆ ಅವನ್ನು ಕತ್ತರಿಸಿ ಹೊರಚಾಚುವ ಮೂರು ಅಡ್ಡಗೆರೆಗಳು; ಅವುಗಳ ತುದಿಗಳನ್ನು ಇಕ್ಕೆಲದಲ್ಲೂ ಜೋಡಿಸಿದರೆ ಒಟ್ಟು 23 ಕೂಟಗಳು. ಮೂರು ಕಲ್ಲು ಹುಲಿಗಳಾದರೆ ಹದಿನೈದು ಹುಣಿಸೆಬೀಜ ಕುರಿಗಳು. ಕುರಿಗಳನ್ನು ಒಂದೊಂದಾಗಿ ಇಳಿಸಬೇಕು. ಹದಿನೈದೂ ಇಳಿಯುವವರೆಗೆ ಅವು ಚಲಿಸುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ಅಲೆಯುತ್ತದೆ. ನೇರರೇಖೆಯಲ್ಲಿ ಕುರಿಯ ಆಚೆಯ ಕೂಟ ಬರಿದಾಗಿದ್ದರೆ ಹಾರಿ ಅದನ್ನು ಹಿಡಿಯುತ್ತದೆ. ಮೂರು ಹುಲಿಗಳಿಗೂ ಹೆಜ್ಜೆಯಿಡಲು ತಾವಿಲ್ಲದಂತಾದರೆ ಗೆಲುವು ಕುರಿಗಳದು.

ಅಜ್ಜ ಹುಲಿಯನ್ನು ಹಿಡಿದು ಮಗುವಿಗೆ ಕುರಿಗಳನ್ನು ಕೊಡುವುದು ಒಳ್ಳೆಯದು. ಮೊದಲ ಆಟದಲ್ಲಿ ಮಗು ಕುರಿಗಳನ್ನು ಅಲ್ಲೊಂದು ಇಲ್ಲೊಂದು ಚೆಲ್ಲಿ ಸೋಲುತ್ತದೆ. ಪ್ರೀತಿಯಿಂದ ಬೇಕೆಂದೇ ಸೋತುಕೊಡುವ ಅಜ್ಜ ಮಗುವಿನ ಕಲಿಕೆಯನ್ನು ಕಸಿಯುತ್ತಾನೆ; ಕುರಿ ಏಕೆ ಹೋಯಿತೆಂದು ಕೇಳಿ ಸುಮ್ಮನೆ ಕಾಯುವವನು ಕಲಿಸುತ್ತಾನೆ. ಬೆನ್ನಿಗೆ ಇನ್ನೊಂದು ಕುರಿ ನಿಂತಿದ್ದರೆ ಹುಲಿ ಹಾರಲಾರದೆಂಬುದು ಮಗುವಿಗೆ ತಾನಾಗಿ ಹೊಳೆದ ಗಳಿಗೆಯಲ್ಲಿ ಆಟ ಅದರದಾಗುತ್ತದೆ. ಬಲ್ಲವರು ಬ್ರಿಜ್‌ನಲ್ಲಿ ಜೊತೆಗಾರನ ಕೈಯನ್ನು ನೆನೆದು ಎಲೆ ಇಳಿಸುವುದೂ ಇದೇ ವಿವೇಕದಿಂದ.

ಹೊಳೆಯ ಕೆಳಹರಿವಿನಲ್ಲಿ, ಆಚೆಯ ದಡದ ಹಂಪೆಯಲ್ಲಿ, ಮಂಟಪಗಳ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದೂ ಕಾಣಬಹುದು. ನೋಡುವವರು ಬಹಳ, ಅದರ ಮೇಲೆ ಕುರಿಯನ್ನು ನಡೆಸಬಲ್ಲವರು ವಿರಳ. ಗೆರೆಗಳು ಶತಮಾನಗಳ ಬಿಸಿಲು ಮಳೆಗಳನ್ನು ತಾಳಿಕೊಂಡಿವೆ. ಆಡುವ ಕ್ರಮವನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೊರೆದಿಡಲಿಲ್ಲ. ಅದು ಹಿರಿಯರ ಕೈಯಿಂದ ಕಿರಿಯರ ಕೈಗೆ ಬಂದುದು. ಒಂದು ತಲೆಮಾರು ಹೇಳಿಕೊಡದಿದ್ದರೆ ಮುಂದಿನವರ ಪಾಲಿಗೆ ಅದು ಬರಿಯ ಗೀರು.

ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೊರಡುವ ಅಜ್ಜ ಅಜ್ಜಿಯರು ಹಣ್ಣುಕಾಯಿಯ ಬುಟ್ಟಿಯಲ್ಲಿ ಒಂದು ಹಿಡಿ ಹುಣಿಸೆಬೀಜವನ್ನೂ ಇಟ್ಟುಕೊಳ್ಳಲಿ.